ಅಳಿಯನ ಗಾಳಿಪಟಕ್ಕೆ ಮಾವನ ಕಾವಲು

ಬಾಳ್ಳುಪೇಟೆಯ ಹೆದ್ದಾರಿ ಬದಿಯಲ್ಲಿ ಟಾರ್ಪಾಲು, ಹಗ್ಗ, ಪ್ಲಾಸ್ಟಿಕ್ ಶೀಟು ಮಾರುತ್ತಿದ್ದ ಶಾಂತಮಲ್ಲಪ್ಪನವರು ರಸ್ತೆ ದಾಟುವುದನ್ನು ನೋಡುವುದೇ ಎದುರಿನ ಹೋಟೆಲಿನಲ್ಲಿ ಕೂತವರಿಗೆ ಹೊತ್ತು ಕಳೆಯುವ ಒಂದು ದಾರಿಯಾಗಿತ್ತು. ಬಲಕ್ಕೆ ನೋಡುವರು, ಎಡಕ್ಕೆ ನೋಡುವರು, ನಂಬಿಕೆ ಸಾಲದೆ ಮತ್ತೆ ಬಲಕ್ಕೆ ನೋಡುವರು. ಅಷ್ಟರಲ್ಲಿ ಸಕಲೇಶಪುರದ ಕಡೆಯಿಂದ ಲಾರಿಯೊಂದು ತಿರುವಿನಲ್ಲಿ ಮೂತಿ ತೋರಿಸುವುದು. ಅದು ಹೋಗಲಿ ಎಂದು ನಿಂತರೆ ಹಾಸನದ ಕಡೆಯಿಂದ ಬಸ್ಸು. ಕಾಫಿ ಕುಡಿಯಲೆಂದು ಅಂಗಡಿ ಇಳಿದವರು ಎಷ್ಟೋ ಸಲ ಮನೆಯಲ್ಲೇ ಕುಡಿದರಾಯಿತೆಂದು ಹಿಂದಕ್ಕೆ ಹೋದದ್ದುಂಟು.

ಊರಿನವರು ಅವರಿಗೆ ಜೋಪಾನದ ಮಲ್ಲಪ್ಪ ಎಂದು ಹೆಸರಿಟ್ಟಿದ್ದರು. ಬಸ್ಸಿನಲ್ಲಿ ಮುಂದೆ ಕೂರುತ್ತಿರಲಿಲ್ಲ, ಗುದ್ದಿದರೆ ಮೊದಲು ಮುಂದಿನವರಿಗೆ ಪೆಟ್ಟು. ಹಿಂದೆಯೂ ಕೂರುತ್ತಿರಲಿಲ್ಲ, ಎತ್ತಿ ಹಾಕಿದರೆ ಸೊಂಟ ಹೋಗುತ್ತದೆ. ನಡುವಿನ ಸೀಟು ಖಾಲಿಯಿಲ್ಲದಿದ್ದರೆ ಮುಂದಿನ ಬಸ್ಸಿಗೆ ಕಾಯುವರು. ಮನೆಯ ಹಿತ್ತಿಲ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ಜಾಲರಿಯ ಮೇಲೊಂದು ಟಾರ್ಪಾಲು ಹೊದಿಸಿ, ಅದರ ಮೂಲೆಗಳಿಗೆ ಕಲ್ಲು ಹೇರಿದ್ದರು. ಬಾವಿಗೆ ಯಾರೂ ಬೀಳುವಂತಿರಲಿಲ್ಲ ನಿಜ, ಒಂದು ಕೊಡ ನೀರು ಬೇಕಾದಾಗ ಅವರ ಹೆಂಡತಿ ಬಸಮ್ಮನವರು ಪಡುವ ಪಾಡು ಮಾತ್ರ ಹೇಳತೀರದು.

ಇದಕ್ಕೊಂದು ಹಳೆಯ ಕಾರಣವಿತ್ತು. ಹರೆಯದಲ್ಲಿ, ಅಂಗಡಿ ಇನ್ನೂ ಅವರ ತಂದೆಯ ಕೈಯಲ್ಲಿದ್ದಾಗ, ಆಷಾಢದ ಒಂದು ದಿನ ಕಾಫಿ ಮೂಟೆ ಹೇರಿದ ಲಾರಿಯ ಮೇಲೆ ಹತ್ತಿ ಟಾರ್ಪಾಲು ಬಿಗಿಯುತ್ತಿದ್ದರು. ಎರಡೂ ಕೈಗೆ ಕೆಲಸವಿದ್ದುದರಿಂದ ಒಂದು ಮೂಲೆಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದರು. ಗಾಳಿ ಒಳಹೊಕ್ಕು ಟಾರ್ಪಾಲನ್ನು ಉಬ್ಬಿಸಿ, ಶಾಂತಮಲ್ಲಪ್ಪನವರನ್ನು ಲಾರಿಯಿಂದೆತ್ತಿ, ಬೇಲಿ ದಾಟಿಸಿ, ಯಾರದೋ ತಿಪ್ಪೆಯ ಮೇಲೆ ಇಳಿಸಿತು. ತಿಪ್ಪೆ ಮೆತ್ತಗಿತ್ತು, ಮೈಗೇನೂ ಆಗಲಿಲ್ಲ. ಆದರೆ ಅಂದಿನಿಂದ ಯಾರು ಏನೇ ಹೇಳಲಿ, ಅವರ ಬಾಯಿಂದ ಮೊದಲು ಬರುವ ಮಾತು ಒಂದೇ ಆಯಿತು: “ಹಂಗಾದ್ರೆ ಏನು ಗತಿ?” ಜನ ಇದನ್ನು ಕೇಳಿ ನಗುತ್ತಿದ್ದರೇ ಹೊರತು ಯಾರೂ ಉತ್ತರ ಕೊಡುತ್ತಿರಲಿಲ್ಲ.

ಇಂಥವರಿಗೆ ಸಿಕ್ಕ ಅಳಿಯ ಶ್ರೀನಾಥ. ಅರಸೀಕೆರೆ ಕಡೆಯ ಹುಡುಗ, ಸರಕು ಹಡಗಿನಲ್ಲಿ ಎಂಜಿನಿಯರು. ವರ್ಷದಲ್ಲಿ ಅರ್ಧ ಕಾಲ ನೀರಿನ ಮೇಲಿರುವವನಿಗೆ ಮಗಳನ್ನು ಕೊಡುವ ಮೊದಲು ಶಾಂತಮಲ್ಲಪ್ಪನವರು ಹಡಗು ಮುಳುಗುವ ಬಗ್ಗೆ ಬಹಳ ವಿಚಾರಿಸಿದ್ದರು. ಹುಡುಗ ಒಂದಕ್ಕೂ ಬೇಸರಪಡದೆ, ಜೀವರಕ್ಷಕ ದೋಣಿ ಎಲ್ಲಿರುತ್ತದೆ, ಅದನ್ನು ಹೇಗೆ ಇಳಿಸುತ್ತಾರೆ ಎಂದು ಕಾಗದದ ಮೇಲೆ ಬರೆದು ತೋರಿಸಿದ್ದ. ಮದುವೆ ಕುದುರಿದ್ದು ಅದರಿಂದಲೇ ಎಂದು ಮಗಳು ಸುಮನಾ ಈಗಲೂ ಹೇಳುತ್ತಾಳೆ.

ಮದುವೆಯಾದ ಮಾರನೆಯ ವರ್ಷ, ಅಂದರೆ ಎರಡು ಸಾವಿರದ ಆರರ ಚಳಿ ಮುಗಿಯುವ ಹೊತ್ತಿಗೆ, ಶ್ರೀನಾಥ ರಜೆಯ ಮೇಲೆ ಬಂದ. ಬೆನ್ನಿಗೆ ಆಳುದ್ದದ ಚೀಲವಿತ್ತು. ಅಳಿಯ ಪರದೇಶದಿಂದ ಏನೋ ದೊಡ್ಡದನ್ನೇ ತಂದಿದ್ದಾನೆಂದು ಬಸಮ್ಮನವರು ಚೀಲದ ಮೇಲೆ ಕಣ್ಣಿಟ್ಟುಕೊಂಡೇ ಒಬ್ಬಟ್ಟು ಬಡಿಸಿದರು. ಊಟವಾದ ಮೇಲೆ ಅವನು ಚೀಲವನ್ನು ಹಿತ್ತಿಲಿಗೆ ಒಯ್ದು, ಕಿತ್ತಳೆ ಬಣ್ಣದ ಬಟ್ಟೆಯೊಂದನ್ನು ಬಿಡಿಸಿ, ಪಂಪಿನಿಂದ ಗಾಳಿ ತುಂಬತೊಡಗಿದ. ಅದು ಉಬ್ಬಿ, ಬಾಗಿ, ಕೊಟ್ಟಿಗೆಯಷ್ಟು ಅಗಲದ ಅರ್ಧಚಂದ್ರವಾಗಿ ಎದ್ದು ನಿಂತಾಗ ಹಸು ಹಗ್ಗ ಕಿತ್ತುಕೊಂಡು ಓಡಿತು. ಬಸಮ್ಮನವರು, ನಾಮಕರಣಕ್ಕೆ ಚಪ್ಪರವಾಗಬಹುದು, ಆದರೆ ಇನ್ನೂ ಅಂಥ ಸುದ್ದಿಯೇ ಇಲ್ಲವಲ್ಲ ಎಂದು ಮಗಳ ಮುಖ ನೋಡಿದರು.

ಅದು ಗಾಳಿಪಟವಂತೆ. ಈಜಿಪ್ಟಿನ ಒಂದು ಬಂದರಿನಲ್ಲಿ ಹಡಗು ರಿಪೇರಿಗೆ ನಿಂತಾಗ ಅಳಿಯಂದಿರು ಕಲಿತ ಆಟವಂತೆ. ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟದ ಪಟ್ಟಿಗೆ ಪಟದ ದಾರ ಕಟ್ಟಿಕೊಂಡು, ಗಾಳಿ ಎಳೆದಂತೆ ನೀರಿನ ಮೇಲೆ ಜಾರುವುದು. ಕೈಟ್ ಸರ್ಫಿಂಗ್ ಎಂದು ಹೆಸರು. ಶಾಂತಮಲ್ಲಪ್ಪನವರು ಪಟದ ಬಟ್ಟೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಮಾಲು ಒಳ್ಳೆಯದು, ಹೊಲಿಗೆಯೂ ಗಟ್ಟಿ. ಆದರೆ ಅವರ ಮಣಿಕಟ್ಟಿನಲ್ಲಿ ಏನೋ ಚುರುಗುಟ್ಟಿತು. ಪಟಕ್ಕೆ ಮನುಷ್ಯನನ್ನು ಕಟ್ಟುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ವಾರ ಕಳೆಯುವುದರೊಳಗೆ ಶ್ರೀನಾಥ ಆಲೂರಿನಾಚೆ ಹೇಮಾವತಿಯ ಹಿನ್ನೀರಿನಲ್ಲಿ ಆಟ ಶುರುಮಾಡಿದ. ಶಾಂತಮಲ್ಲಪ್ಪನವರೂ ನೋಡಲು ಹೋದರು. ದಡದಲ್ಲಿ ರಾಗಿ ಹೊಲದವರು, ಮೀನು ಹಿಡಿಯುವವರು ನೆರೆದಿದ್ದರು. ಯಾರೋ ಮಿಲಿಟರಿಯವರು ಮೇಲಿಂದ ಬಿದ್ದಿದ್ದಾರೆಂದು ಸುದ್ದಿ ಹಬ್ಬಿತ್ತು. ಅಳಿಯ ನೀರು ಸೀಳಿಕೊಂಡು ಹೋಗುತ್ತಿದ್ದ, ತಿರುಗುತ್ತಿದ್ದ, ಒಮ್ಮೆ ಗಾಳಿಗೆ ಹಾರಿ ಮೆಲ್ಲಗೆ ಇಳಿದ. ಶಾಂತಮಲ್ಲಪ್ಪನವರು ಕಣ್ಣು ಮುಚ್ಚಿದವರು ಇಳಿದ ಸದ್ದಾದ ಮೇಲೆಯೇ ತೆರೆದರು.

ಸಂಜೆ ಮನೆಗೆ ಬರುವಾಗ ಅಳಿಯ ಮನಸ್ಸಿನಲ್ಲಿದ್ದುದನ್ನು ಹೇಳಿದ. ಹಿನ್ನೀರು ಕಲಿಯುವುದಕ್ಕೆ ಸರಿ, ಅವನ ಆಸೆ ಇದ್ದದ್ದು ಕಡಲಿನ ಮೇಲೆ. ಮಲ್ಪೆಯಿಂದ ಮೂಲ್ಕಿಯವರೆಗೆ, ದಂಡೆಯ ಗುಂಟ, ಗಾಳಿ ಹೋಗುವ ದಿಕ್ಕಿಗೇ ಹೋಗಬೇಕು. ಗಾಳಿಗೆ ಎದುರಾಗಿ ಹೆಣಗಾಡುವ ಕೆಲಸವಿಲ್ಲ, ಅದು ಕರೆದುಕೊಂಡು ಹೋದಲ್ಲಿಗೆ ಹೋಗುವುದು.

“ವಾಪಸ್ ಬರೋದು?” ಎಂದರು ಶಾಂತಮಲ್ಲಪ್ಪನವರು.

“ವಾಪಸ್ ಬರೋ ಹಂಗಿಲ್ಲ ಮಾವ. ಅಲ್ಲೇ ಇಳಿದು ಜೀಪಲ್ಲಿ ಬರೋದು.”

ಹೋಗುವುದು ಮಾತ್ರ ಇರುವ, ಬರುವುದು ಇಲ್ಲದ ಪ್ರಯಾಣ. ಅಂದು ರಾತ್ರಿ ಅವರಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೊರಟಾಗ ಸುಮನಾ ಹಿಂದೆಯೇ ಬಂದಳು. ಯಾರು ಬೇಡವೆಂದರೂ ತನ್ನ ಗಂಡ ಹೋಗುವವರೇ, ಬೇಡವೆಂದು ಜಗಳವಾಡುವುದಕ್ಕಿಂತ ಹೋದವರು ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ಮೇಲು ಎಂಬುದು ಅವಳ ಮಾತು. “ನಿಮ್ಮಷ್ಟು ಹೆದರೋಕೆ ಇನ್ಯಾರಿಗೂ ಬರಲ್ಲ ಅಪ್ಪಾಜಿ. ಇದನ್ನ ನೀವೇ ವಹಿಸ್ಕೊಳ್ಳಿ,” ಎಂದಳು. ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಶಾಂತಮಲ್ಲಪ್ಪನವರು ಒಪ್ಪಿಕೊಂಡುಬಿಟ್ಟರು.

ಆಮೇಲಿನ ದಿನಗಳಲ್ಲಿ ಅಂಗಡಿಗೆ ಬಂದವರಿಗೆ ಕಾಲಿಡಲು ಜಾಗವಿಲ್ಲದಂತಾಯಿತು. ಕೆಂಪು ಗಾರೆಯ ನೆಲದ ಮೇಲೆ ಶ್ರೀನಾಥ ಸೀಮೆಸುಣ್ಣದಲ್ಲಿ ಕರಾವಳಿಯನ್ನು ಎಳೆದಿದ್ದ. ಕಾಪು ದೀಪಸ್ತಂಭದ ಜಾಗದಲ್ಲಿ ಒಂದು ದಪ್ಪ ಬೋಲ್ಟು ನಿಂತಿತ್ತು. ಊರುಗಳಿಗೆಲ್ಲ ನಟ್ಟುಗಳು. ಗಾಳಿಗೆ ಒಂದು ಪೊರಕೆಕಡ್ಡಿ. ಹೆತ್ತೂರು ಕಡೆಯ ತೋಟದ ಯಜಮಾನರೊಬ್ಬರು ಹಗ್ಗ ಕೊಳ್ಳಲು ಬಂದಾಗ ಶಾಂತಮಲ್ಲಪ್ಪನವರು, ದಯವಿಟ್ಟು ಸಮುದ್ರ ತುಳಿಯಬೇಡಿ, ಉಡುಪಿಯ ಹತ್ತಿರ ನಿಂತುಕೊಳ್ಳಿ ಎಂದು ಕೇಳಿಕೊಂಡರು. ಅವರು ಉಡುಪಿಯಲ್ಲೇ ನಿಂತು ಹಗ್ಗ ಅಳೆಸಿಕೊಂಡು, ಹೊರಗೆ ಬಂದು ಮಲ್ಲಪ್ಪನವರಿಗೆ ಏನಾದರೂ ಆಗಿದೆಯೇ ಎಂದು ಪಕ್ಕದ ಅಂಗಡಿಯಲ್ಲಿ ವಿಚಾರಿಸಿದರು.

ಮಾವ ಕೇಳುವುದು, ಅಳಿಯ ಹೇಳುವುದು. ಗಾಳಿ ನಿಂತುಹೋದರೆ ಏನು ಗತಿ? ಪಟ ನೀರಿಗೆ ಬೀಳುತ್ತದೆ. ಅದರಲ್ಲಿ ಗಾಳಿ ತುಂಬಿರುವುದರಿಂದ ಮುಳುಗುವುದಿಲ್ಲ, ಅದನ್ನೇ ಹಿಡಿದುಕೊಂಡು ತೇಲಬೇಕು, ಬಿಟ್ಟು ಈಜಬಾರದು. ಗಾಳಿ ಜಾಸ್ತಿಯಾದರೆ? ಎದೆಯ ಹತ್ತಿರ ಒಂದು ಕೆಂಪು ಹಿಡಿಕೆಯಿದೆ, ಅದನ್ನು ದೂಡಿದರೆ ಪಟದ ಸೆಳೆತ ಸತ್ತುಹೋಗುತ್ತದೆ. ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸಿದರೆ? ಆವತ್ತು ಹೋಗುವಂತೆಯೇ ಇಲ್ಲ. ಬೆಳಗಿನ ಹೊತ್ತು ಅಂಥ ಗಾಳಿಯೇ ಇರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿನಿಂದ ದಡಕ್ಕೆ ಓರೆಯಾಗಿ ಬೀಸುವ ಗಾಳಿಗೆ ಕಾಯಬೇಕು, ಅದರಲ್ಲಿ ಏನೇ ಎಡವಟ್ಟಾದರೂ ಅಲೆಗಳು ಮನುಷ್ಯನನ್ನು ದಡಕ್ಕೇ ತಂದು ಹಾಕುತ್ತವೆ. ಈ ಕೊನೆಯ ಮಾತು ಶಾಂತಮಲ್ಲಪ್ಪನವರಿಗೆ ಬಹಳ ಹಿಡಿಸಿತು. ಗಿರಾಕಿಗಳಿಗೂ ಅದನ್ನು ಹೇಳತೊಡಗಿದರು.

ನದಿ ಸಮುದ್ರ ಸೇರುವ ಅಳಿವೆಗಳ ವಿಷಯ ಬಂದಾಗ ಮಾತ್ರ ಮಾವ ಬಗ್ಗಲಿಲ್ಲ. ಅಳಿವೆಯಲ್ಲಿ ನೀರಿನ ಸೆಳೆತ ಒಳಕ್ಕೆಳೆಯುತ್ತದೆಂದು ಅಳಿಯನೇ ಹೇಳಿದ್ದ. ಅಲ್ಲಿ ಬಿದ್ದರೆ ಅಳಿಯ ಆಚೆ ದಡ, ಜೀಪು ಈಚೆ ದಡ, ನಡುವೆ ಹೊಳೆ. ನಕ್ಷೆಯ ಮೇಲೆ ಮಂಡಿಯೂರಿ ಕೂತು ಅವರು ಮಲ್ಪೆಯ ಕೆಳಗಿನ ಅಳಿವೆಯನ್ನು ಕಾಲಿನಿಂದ ಒರೆಸಿದರು, ಮೂಲ್ಕಿಯದನ್ನೂ ಒರೆಸಿದರು. ಉಳಿದದ್ದು ಕಾಪುವಿನಿಂದ ಪಡುಬಿದ್ರಿ. ದೀಪಸ್ತಂಭದ ಬಂಡೆಗಳನ್ನು ಬಿಟ್ಟು ಸ್ವಲ್ಪ ಕೆಳಗಿನಿಂದ ಹೊರಡುವುದು, ಉಚ್ಚಿಲ, ಎರ್ಮಾಳು ದಾಟಿ ಪಡುಬಿದ್ರಿಯ ಮರಳಿನಲ್ಲಿ ಇಳಿಯುವುದು. ದಾರಿಯುದ್ದಕ್ಕೂ ಜೀಪಿನವರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇರುವುದು. ಶ್ರೀನಾಥ ನಿರಾಸೆಯಿಂದ ನೋಡಿದ, ಆಮೇಲೆ ಯೋಚಿಸಿ, ಮೊದಲ ಸಲಕ್ಕೆ ಇದೇ ಸರಿಯೆಂದು ಒಪ್ಪಿದ. ತಮ್ಮ ಪ್ರಶ್ನೆಗೆ ಯಾರೂ ನಗದೆ ಉತ್ತರ ಹೇಳಿ, ಅದರಿಂದ ಏನಾದರೂ ಬದಲಾದದ್ದು ಶಾಂತಮಲ್ಲಪ್ಪನವರ ಆಯುಸ್ಸಿನಲ್ಲಿ ಅದೇ ಮೊದಲಿರಬೇಕು. ಆ ದಿನ ರಸ್ತೆಯನ್ನು ಒಂದೇ ಸಲಕ್ಕೆ ದಾಟಿ ಹೋಟೆಲಿನಲ್ಲಿ ಕಾಫಿ ಕುಡಿದರು.

ಕಟ್ಟಳೆಗಳೂ ತಯಾರಾದವು. ಹೊರಡುವುದು ಬೇಡವೆಂದು ಒಬ್ಬರಿಗೆ ಅನಿಸಿದರೂ ಹೊರಡುವಂತಿಲ್ಲ, ಕಾರಣ ಕೇಳುವಂತಿಲ್ಲ. ಹೊತ್ತು ಇಳಿದ ಮೇಲೆ ನೀರಿಗೆ ಇಳಿಯುವಂತಿಲ್ಲ. ದಡದಲ್ಲಿ ಕೆಂಪು ಬಟ್ಟೆ ಕಂಡರೆ ಶ್ರೀನಾಥ ಎಲ್ಲಿದ್ದರೂ ಹಾಗೆಯೇ ದಡಕ್ಕೆ ಬಂದು ಕಾಯಬೇಕು. ಮತ್ತೆ, ಏನೇ ಆಗಲಿ, ದಡದಲ್ಲಿರುವವರು ನೀರಿಗೆ ಹಾರಬಾರದು, ಒಬ್ಬರಿಗಿದ್ದ ತೊಂದರೆ ಇಬ್ಬರಿಗಾಗುತ್ತದೆ. ಈ ಕೊನೆಯದನ್ನು ಶಾಂತಮಲ್ಲಪ್ಪನವರೇ ಸೇರಿಸಿದ್ದು. ಬಸಮ್ಮನವರು ತಮ್ಮ ಪಾಲಿಗೆ ರಾಹುಕಾಲದಲ್ಲಿ ಹೊರಡಬಾರದೆಂದು ಸೇರಿಸಿದರು.

ಶಿವರಾತ್ರಿ ಕಳೆದ ಮೇಲೆ ಹುಚ್ಚಣ್ಣನ ಜೀಪಿನಲ್ಲಿ ಹೊರಟರು. ತೋಟಗಳಿಗೆ ಆಳುಗಳನ್ನು, ಗೊಬ್ಬರವನ್ನು ಸಾಗಿಸುತ್ತಿದ್ದ ಹುಚ್ಚಣ್ಣ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ. ಶಾಂತಮಲ್ಲಪ್ಪನವರು ನಡುವಿನ ಸೀಟು ಹುಡುಕಿದರು, ಜೀಪಿನಲ್ಲಿ ಅಂಥದ್ದು ಇರಲಿಲ್ಲ. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಎದ್ದು ಬಿದ್ದು ಹೋಗುವಾಗ, ಇಡೀ ಕಾರ್ಯಕ್ರಮದಲ್ಲಿ ಅಪಾಯ ಅಂತ ಇರುವುದು ಇದೊಂದೇ ಎಂದು ಶ್ರೀನಾಥ ಹೇಳಿದ್ದಕ್ಕೆ ಅವರು ನಗಲಿಲ್ಲ, ಹಿಡಿಕೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ಪಡುಬಿದ್ರಿಯಲ್ಲಿ ಲಾಡ್ಜು ಹಿಡಿದು, ಮರುದಿನವೆಲ್ಲ ದಂಡೆಯುದ್ದಕ್ಕೂ ಓಡಾಡಿದರು. ಎಲ್ಲಿ ಕಲ್ಲಿನ ತಡೆಗೋಡೆಯಿದೆ, ಎಲ್ಲಿ ಬಲೆ ಬಿಟ್ಟಿರುತ್ತಾರೆ, ಜೀಪು ಎಲ್ಲಿಯವರೆಗೆ ಹೋಗುತ್ತದೆ ಎಂದು ಶಾಂತಮಲ್ಲಪ್ಪನವರು ಕಂಡ ಕಂಡ ಮೀನುಗಾರರನ್ನೆಲ್ಲ ಕೇಳಿದರು. ಎರ್ಮಾಳಿನಲ್ಲಿ ವಾಮನ ಸಾಲ್ಯಾನ್ ಎಂಬವರು ಸಿಕ್ಕಿದರು. ದಂಡೆಗೆ ತಾಗಿಯೇ ಮನೆ, ಎಂಜಿನ್ ಕೂರಿಸಿದ ಸಣ್ಣ ದೋಣಿ. ಬೇಕಾದರೆ ಒಂದು ಫೋನು ಮಾಡಿ, ದೋಣಿ ತರುತ್ತೇನೆಂದರು. ಹುಚ್ಚಣ್ಣ ಅವರ ನಂಬರನ್ನು ತನ್ನ ಮೊಬೈಲಿನಲ್ಲಿ ಹಾಕಿಕೊಂಡ. ಇಷ್ಟೆಲ್ಲ ಮಾಡಿಯೂ ಶಾಂತಮಲ್ಲಪ್ಪನವರು ಅಲೆ ಬಂದಾಗಲೆಲ್ಲ ಪಂಚೆ ಎತ್ತಿಕೊಂಡು ಹಿಂದಕ್ಕೆ ಸರಿಯುತ್ತಿದ್ದರು. ಸಮುದ್ರದ ನೀರು ಅವರ ಕಾಲಿಗೆ ಒಮ್ಮೆಯೂ ತಾಗಲಿಲ್ಲ.

ಮೊದಲ ದಿನ ಗಾಳಿ ತಿರುಗಲೇ ಇಲ್ಲ. ಎರಡನೆಯ ದಿನ ತಿರುಗಿತು, ಬಲವಿರಲಿಲ್ಲ. ಪಟ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಎರಡು ದಿನವೂ ಬೇಡವೆಂದವನು ಶ್ರೀನಾಥನೇ. ತಾವು ಹೇಳಬೇಕೆಂದಿದ್ದ ಮಾತನ್ನು ಅಳಿಯ ಮೊದಲೇ ಹೇಳಿಬಿಡುವುದು ಮಾವನಿಗೆ ಸ್ವಲ್ಪ ಪೆಚ್ಚಾಗುವಂತೆ ಮಾಡಿತು. ಬುಧವಾರ ಮಾತ್ರ ಅಲೆಗಳ ನೆತ್ತಿ ಬೆಳ್ಳಗಾಗಿ, ಕೋಲಿಗೆ ಕಟ್ಟಿದ ಬಟ್ಟೆ ದಡದ ಕಡೆಗೆ ಓರೆಯಾಗಿ ಪಟಪಟಿಸಿತು. ಆದರೆ ಆಗ ಸರಿಯಾಗಿ ರಾಹುಕಾಲ. ಶಾಂತಮಲ್ಲಪ್ಪನವರು ಗಡಿಯಾರ ನೋಡಿಕೊಂಡರು. ಶ್ರೀನಾಥ ಕಟ್ಟಿದ ದಾರಗಳನ್ನೆಲ್ಲ ಬಿಚ್ಚಿ, ಒಂದೊಂದಾಗಿ ಬೆರಳಾಡಿಸಿ, ಮತ್ತೆ ನಿಧಾನಕ್ಕೆ ಕಟ್ಟುತ್ತ ಕೂತ. ರಾಹುಕಾಲ ಮುಗಿಯಿತು, ಅವನ ಕೆಲಸವೂ ಮುಗಿಯಿತು.

ಪಟವನ್ನು ಮೇಲೆಬ್ಬಿಸಲು ಒಬ್ಬರು ಅದರ ಅಂಚು ಹಿಡಿದು ನಿಲ್ಲಬೇಕಿತ್ತು. ಅದು ಹುಚ್ಚಣ್ಣನ ಕೆಲಸವೆಂದು ಮೊದಲೇ ಗೊತ್ತಾಗಿತ್ತು. ಪಟದ ಅಳತೆಯನ್ನೂ ಗಾಳಿಯ ಸದ್ದನ್ನೂ ನೋಡಿದ ಹುಚ್ಚಣ್ಣ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಂದು ಜೀಪಿನ ಹಿಂದಕ್ಕೆ ಹೋದ. ಸುಮನಾ ಆಗಲೇ ಒಣಬಟ್ಟೆ, ಬಿಸಿನೀರಿನ ಫ್ಲಾಸ್ಕು ಇಟ್ಟುಕೊಂಡು ಪಡುಬಿದ್ರಿಯ ಕೊನೆಯಲ್ಲಿ ಕಾಯುತ್ತಿದ್ದಳು. ಉಳಿದವರು ಶಾಂತಮಲ್ಲಪ್ಪನವರೊಬ್ಬರೇ. ಪಂಚೆಯನ್ನು ಮೇಲೆ ಕಟ್ಟಿ, ಪಟದ ಅಂಚನ್ನು ಎರಡೂ ಕೈಯಲ್ಲಿ ಹಿಡಿದರು. ಅದು ಕೈಯೊಳಗೆ ಜೀವ ಬಂದ ಹೋರಿಯಂತೆ ತೊನೆಯುತ್ತಿತ್ತು. ಆಚೆ ದಾರದ ತುದಿಯಲ್ಲಿ ಅಳಿಯ ಹೆಬ್ಬೆರಳೆತ್ತಿದ. ಬಿಡಬೇಕು. ಶಾಂತಮಲ್ಲಪ್ಪನವರ ಕೈ ಬಿಡಲಿಲ್ಲ. ಅಳಿಯ ಮತ್ತೊಮ್ಮೆ ಬೆರಳೆತ್ತಿದ. ಅವರಿಗೆ ಬಿಡುವುದೆಂದರೆ ಮಗಳ ಗಂಡನನ್ನು ತಾವೇ ಗಾಳಿಗೆ ಕೊಟ್ಟಂತೆ ಕಂಡಿತು. ಗಾಳಿಯ ಸದ್ದಿನ ನಡುವೆ ಶ್ರೀನಾಥ ಸಮಾಧಾನವಾಗಿ, “ಬಿಡಿ ಮಾವ, ನಾನಿದೀನಿ,” ಎಂದ. ಬಿಟ್ಟರು.

ಕಿತ್ತಳೆ ಪಟ ಸರ್ರನೆ ಮೇಲೆದ್ದಿತು. ಶ್ರೀನಾಥ ನೀರಿಗಿಳಿದು, ಹಲಗೆಯ ಮೇಲೆ ಕಾಲಿಟ್ಟು, ಒಂದೆರಡು ಅಲೆ ಹತ್ತಿ ಇಳಿದು, ದಂಡೆಯ ಗುಂಟ ಹೊರಟೇಹೋದ. ಜೀಪು ತೆಂಗಿನ ಮರಗಳ ನಡುವಿನ ರಸ್ತೆಯಲ್ಲಿ ಅವನ ಜೊತೆಗೇ ಓಡಿತು. ಮರಗಳ ಸಂದಿಯಲ್ಲಿ ಪಟ ಕಂಡಾಗಲೆಲ್ಲ ಶಾಂತಮಲ್ಲಪ್ಪನವರು ಅಲ್ಲಿದ್ದಾರೆ ಎನ್ನುವರು, ಮರೆಯಾದಾಗ ಉಸಿರು ಹಿಡಿಯುವರು. ಈ ಕಷ್ಟ ನೋಡಲಾರದೆ ಹುಚ್ಚಣ್ಣ ಉಚ್ಚಿಲದ ಹತ್ತಿರ, ಮರಳಿನ ಮೇಲೇ ಹೋದರೆ ಕಣ್ತುಂಬ ಕಾಣುತ್ತದೆಂದು ಜೀಪನ್ನು ದಂಡೆಗೆ ತಿರುಗಿಸಿದ. ಎರಡು ಮಾರು ಹೋಗುವುದರೊಳಗೆ ಹಿಂದಿನ ಚಕ್ರ ಹೂತುಹೋಯಿತು. ಅಳಿಯನ ಬಗ್ಗೆ ಶಾಂತಮಲ್ಲಪ್ಪನವರು ಸಾವಿರ ‘ಏನು ಗತಿ’ ಕೇಳಿದ್ದರು. ಜೀಪಿನ ಬಗ್ಗೆ ಒಂದನ್ನೂ ಕೇಳಿರಲಿಲ್ಲ.

ಹುಚ್ಚಣ್ಣ ಆಕ್ಸಿಲರೇಟರ್ ಒತ್ತಿದಷ್ಟೂ ಜೀಪು ಒಳಗಿಳಿಯಿತು. ಕ್ರಿಕೆಟ್ ಆಡುತ್ತಿದ್ದ ಊರ ಹುಡುಗರು ಬಂದು ನೂಕಿದರು. ಕೊನೆಗೆ ಶಾಂತಮಲ್ಲಪ್ಪನವರು, ಇರಲಿ ಎಂದು ತಂದಿದ್ದ ಹೊಸ ಟಾರ್ಪಾಲನ್ನು ಚಕ್ರದಡಿಗೆ ಮಡಿಸಿ ಹಾಕಿಸಿದ ಮೇಲೆ ಜೀಪು ಗೊರಗುಟ್ಟುತ್ತ ಹೊರಬಂತು. ಮೈಮೇಲಿನ ಮರಳು ಕೊಡವಿ ಸಮುದ್ರದ ಕಡೆ ನೋಡಿದರೆ ಪಟ ಇರಲಿಲ್ಲ. ಕಣ್ಣು ಹೋಗುವಷ್ಟು ದೂರವೂ ಬರೀ ನೀರು.

ಆಗಲೇ ಅವರ ಫೋನು ಹೊಡೆದುಕೊಂಡಿತು. ಸುಮನಾ. ಇಷ್ಟು ಹೊತ್ತಿಗೆ ಕಾಣಬೇಕಿತ್ತು, ಇನ್ನೂ ಕಾಣುತ್ತಿಲ್ಲ, ನಿಮಗೆ ಕಾಣುತ್ತಿದ್ದಾರಾ ಎಂದು ಕೇಳಿದಳು. ಶಾಂತಮಲ್ಲಪ್ಪನವರು ಕರೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಫೋನನ್ನು ಜುಬ್ಬದ ಜೇಬಿಗೆ ಹಾಕಿದರು. ನಕ್ಷೆ, ಕಟ್ಟಳೆ, ದೋಣಿ, ನಂಬರು ಎಲ್ಲವೂ ತಲೆಯಿಂದ ಹಾರಿಹೋಗಿ ನೆಟ್ಟಗೆ ಸಮುದ್ರದೊಳಕ್ಕೆ ನಡೆದರು. ಮೊಣಕಾಲು, ತೊಡೆ, ಸೊಂಟ. “ಅಳಿಯಂದ್ರೆ,” ಎಂದು ಕೂಗಿದರು. ಒಂದು ಅಲೆ ಬಂದು ಅವರ ಕನ್ನಡಕ ತೆಗೆದುಕೊಂಡಿತು, ಇನ್ನೊಂದು ಅವರನ್ನೇ ತೆಗೆದುಕೊಂಡಿತು. ಹುಚ್ಚಣ್ಣ ಓಡಿಬಂದು ಅವರ ಜುಬ್ಬ ಹಿಡಿದೆಳೆದು ದಡದಲ್ಲಿ ಕೂರಿಸಿದಾಗ ಅವರ ಬಾಯಿ ಮೂಗಿನ ತುಂಬ ಉಪ್ಪುನೀರು.

“ದಡದಲ್ಲಿರೋರು ನೀರಿಗೆ ಇಳೀಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾವ್ಕಾರ್ರೆ,” ಎಂದ ಹುಚ್ಚಣ್ಣ.

“ಹೇಳಿದ್ದೆ ಕಣೋ,” ಎಂದರು ಅವರು. “ಅವ್ರು ಹೋಗ್ಬುಟ್ರೆ ನನ್ನ ಮಗಳಿಗೆ ಏನಂತ ಹೇಳ್ಲಿ?”

ಅವರ ಫೋನು ನೀರು ಕುಡಿದು ಸತ್ತಿತ್ತು. ದೋಣಿಯವರಿಗೆ ಹೇಳೋಣವೆಂದು ಹುಚ್ಚಣ್ಣನಿಗೆ ಹೊಳೆಯಿತು, ಆದರೆ ವಾಮನರ ಹೆಸರು ನೆನಪಾಗಲಿಲ್ಲ. ಮೊಬೈಲಿನಲ್ಲಿ ಹುಡುಕಾಡಿ, ‘ಬೋಟು’ ಎಂದು ತಾನೇ ಬರೆದುಕೊಂಡದ್ದನ್ನು ಕೊನೆಗೆ ಕಂಡುಹಿಡಿದ. ಫೋನು ಕಿತ್ತುಕೊಂಡ ಶಾಂತಮಲ್ಲಪ್ಪನವರು ಬೇಗ ದೋಣಿ ಇಳಿಸಿ ಎಂದಷ್ಟೇ ಹೇಳಿದರು.

“ದೋಣಿ ಎಂತಕ್ಕೆ ಮಾರಾಯ್ರೆ,” ಎಂದಿತು ಆಚೆಯ ದನಿ. “ನಿಮ್ಮ ಅಳಿಯ ಇಲ್ಲೇ ನಮ್ಮ ಮನೆಯಲ್ಲಿ ಇದ್ದಾರೆ. ಊಟ ಮಾಡ್ತಾ ಇದ್ದಾರೆ.”

ಆದದ್ದು ಇಷ್ಟೇ. ಜೀಪು ಹೂತು ಕೂತಾಗ ಶ್ರೀನಾಥ ಅದನ್ನು ಗಮನಿಸದೆ ಮುಂದೆ ಹೋಗಿದ್ದ. ಎರ್ಮಾಳಿನ ಹತ್ತಿರ ದಡದಲ್ಲಿ ದೊಡ್ಡದೊಂದು ಕೆಂಪು ಬಟ್ಟೆ ಹಾರಾಡುವುದು ಕಂಡಿತು. ಕೆಂಪು ಕಂಡರೆ ಪ್ರಶ್ನೆ ಕೇಳದೆ ಇಳಿಯಬೇಕೆಂಬುದು ಕಟ್ಟಳೆ. ಇಳಿದು, ಪಟವನ್ನು ಮರಳಿನ ಮೇಲೆ ಮಲಗಿಸಿ, ಅದರ ಮೇಲೆ ಮರಳು ಹೇರಿ ಹತ್ತಿರ ಹೋಗಿ ನೋಡಿದರೆ ಅದು ವಾಮನರ ಹೆಂಡತಿ ಗಿರಿಜಕ್ಕ ಎರಡು ತೆಂಗಿನ ಮರಗಳ ನಡುವೆ ಒಣಹಾಕಿದ್ದ ಸೀರೆ. ಆದರೂ ಮಾವ ಹೇಳಿದ್ದರಲ್ಲ, ಇಳಿದಲ್ಲೇ ಕಾಯಬೇಕೆಂದು. ಕಾದ. ಅವನ ಫೋನು ಸುಮನಾಳ ಬಳಿ ಇತ್ತು, ತನ್ನದೂ ಸೇರಿ ಯಾರ ನಂಬರೂ ಅವನಿಗೆ ಬಾಯಿಗೆ ಬರುತ್ತಿರಲಿಲ್ಲ, ವಾಮನರ ಹತ್ತಿರವೂ ಹುಚ್ಚಣ್ಣನ ನಂಬರು ಇರಲಿಲ್ಲ. ಕಡಲಿನಿಂದ ಬಂದವನನ್ನು ಉಪವಾಸ ಕೂರಿಸುವ ಪದ್ಧತಿ ತಮ್ಮಲ್ಲಿಲ್ಲವೆಂದು ಗಿರಿಜಕ್ಕ ಎಲೆ ಹಾಕಿಬಿಟ್ಟರು.

ಶಾಂತಮಲ್ಲಪ್ಪನವರು ಮರಳು ಮೆತ್ತಿದ ಒದ್ದೆ ಪಂಚೆಯಲ್ಲಿ, ಕನ್ನಡಕವಿಲ್ಲದೆ, ವಾಮನರ ಜಗಲಿ ಹತ್ತಿದರು. ಶ್ರೀನಾಥ ಗೋಡೆಗೊರಗಿ ಕೂತಿದ್ದ. ಎಲೆಯಲ್ಲಿ ಕೆಂಪು ಕುಚ್ಚಲಕ್ಕಿ ಅನ್ನ, ಅದರ ಮಗ್ಗುಲಲ್ಲಿ ಖಾರ ಹಚ್ಚಿ ಹುರಿದ ಇಡೀ ಬಂಗುಡೆ ಮೀನು, ಒಂದು ಕಡೆ ಅದರ ಹಿಂದಿನವರ ಮುಳ್ಳುಗಳು. ಲಿಂಗ ಕಟ್ಟಿದ ಮನೆತನದ ಅಳಿಯ ತುತ್ತನ್ನು ಅರ್ಧಕ್ಕೆ ಹಿಡಿದು ಕಲ್ಲಾಗಿ ಕೂತ. ಹುಚ್ಚಣ್ಣ ಸೂರಿನ ಹೆಂಚು ಎಣಿಸತೊಡಗಿದ. ಕನ್ನಡಕವಿಲ್ಲದ್ದರಿಂದ ಸಾವ್ಕಾರ್ರಿಗೆ ಅದು ಬದನೆಕಾಯಿಯಂತೆ ಕಂಡರೂ ಕಾಣಬಹುದೆಂದು ಅವನಿಗೊಂದು ಆಸೆಯಿತ್ತು.

ಶಾಂತಮಲ್ಲಪ್ಪನವರು ಅಳಿಯನ ಮುಖವನ್ನು ನೋಡಿದರು. ತಲೆಯಿಂದ ನೀರಿಳಿಯುತ್ತಿತ್ತು, ಕೆನ್ನೆಯ ಮೇಲೆ ಮರಳಿತ್ತು, ಇದ್ದಾನೆ, ಉಸಿರಾಡುತ್ತಿದ್ದಾನೆ. ಅವರು ಎದುರಿಗೆ ಮೆಲ್ಲಗೆ ಕೂತರು. ಎಲೆಯನ್ನು ಇನ್ನೊಮ್ಮೆ ನೋಡಿದರು.

“ಮುಳ್ಳು ನೋಡ್ಕೊಂಡು ತಿನ್ನಿ,” ಎಂದರು.

ಅಷ್ಟು ಹೇಳಿ ಅವರು ಅತ್ತುಬಿಟ್ಟರು. ಗಿರಿಜಕ್ಕ ಓಡಿಹೋಗಿ ಒಣಗಿದ ಲುಂಗಿ ತಂದುಕೊಟ್ಟರು, ಮೀನಿನ ಪಾತ್ರೆ ತಾಗದ ಹೊಸ ಲೋಟ ಹುಡುಕಿ ಎಳನೀರು ಬಗ್ಗಿಸಿಕೊಟ್ಟರು. ಹುಚ್ಚಣ್ಣ ಸುಮನಾಳಿಗೆ ಫೋನು ಮಾಡಿ ಎಲ್ಲರೂ ಕ್ಷೇಮವೆಂದು ತಿಳಿಸಿದ. ಯಾರು ಯಾರನ್ನು ಕಾಪಾಡಿದರು ಎಂಬುದನ್ನು ಮಾತ್ರ ತನಗೆ ಬೇಕಾದಂತೆ ಹೇಳಿದ. ಹಡಗಿನಲ್ಲಿ ಅಡುಗೆಯವನು ಮಾಡಿದ್ದನ್ನು ತಿನ್ನದಿದ್ದರೆ ಉಪವಾಸವೇ ಗತಿಯೆಂದು ಶ್ರೀನಾಥ ತಲೆತಗ್ಗಿಸಿ ಹೇಳಿದಾಗ ಶಾಂತಮಲ್ಲಪ್ಪನವರು, ಬಸಮ್ಮನಿಗೆ ಇದು ತಿಳಿಯುವುದು ಸಮುದ್ರಕ್ಕಿಂತ ದೊಡ್ಡ ಅಪಾಯ, ಆದ್ದರಿಂದ ಇಲ್ಲಿಗೇ ಬಿಡುವುದು ಕ್ಷೇಮ ಎಂದರು.

ಗಾಳಿ ಇನ್ನೂ ಚೆನ್ನಾಗಿತ್ತು. ಪಡುಬಿದ್ರಿ ಕಣ್ಣಳತೆಯಲ್ಲೇ ಇತ್ತು. ಶ್ರೀನಾಥ ಒಮ್ಮೆ ಕಡಲಿನ ಕಡೆಗೂ ಒಮ್ಮೆ ಸೂರ್ಯನ ಕಡೆಗೂ ನೋಡಿ, ಹೊತ್ತು ಇಳಿಯಿತು, ಇವತ್ತು ಬೇಡ ಎಂದ. ಅಂದು ಅವರೆಲ್ಲ ಪಟವನ್ನು ಮಡಿಸಿ ಜೀಪಿನಲ್ಲೇ ಲಾಡ್ಜಿಗೆ ಹೋದರು. ಮರುದಿನ ಮಧ್ಯಾಹ್ನ, ಸೀರೆಯನ್ನು ಒಳಗೆ ತೆಗೆಸಿ, ಜೀಪನ್ನು ರಸ್ತೆಯಲ್ಲೇ ಬಿಟ್ಟು, ಎರ್ಮಾಳಿನಿಂದ ಮತ್ತೆ ಪಟ ಎಬ್ಬಿಸಿದರು. ಹಿಡಿದವರು ಶಾಂತಮಲ್ಲಪ್ಪನವರೇ. ಈ ಸಲ ಮೊದಲ ಹೆಬ್ಬೆರಳಿಗೇ ಬಿಟ್ಟರು. ಸುಮನಾ ಪಡುಬಿದ್ರಿಯಲ್ಲಿ ಗಂಡನನ್ನು ಇಳಿಸಿಕೊಂಡಾಗ ಇಡೀ ಪ್ರಯಾಣದಲ್ಲಿ ಆದ ನಷ್ಟ ಒಂದು ಕನ್ನಡಕ, ಒಂದು ಫೋನು. ಎರಡೂ ದಡದಲ್ಲಿದ್ದವರವು.

ಊರಿನಲ್ಲಿ ಹುಚ್ಚಣ್ಣ ಹೇಳಿದ ಕಥೆಯಲ್ಲಿ ಶಾಂತಮಲ್ಲಪ್ಪನವರು ಸಮುದ್ರಕ್ಕೆ ಹಾರಿ ಅಳಿಯನನ್ನು ಎಳೆತಂದಿದ್ದರು. ಅವರು ಅದನ್ನು ಒಪ್ಪಲಿಲ್ಲ, ಪೂರ್ತಿ ಅಲ್ಲಗಳೆಯಲೂ ಇಲ್ಲ. ಹೋಟೆಲಿನವರು ಜೋಪಾನದ ಮಲ್ಲಪ್ಪ ಎನ್ನುವುದನ್ನು ನಿಲ್ಲಿಸಲಿಲ್ಲ. ಆದರೆ ಮದುವೆ ದಿಬ್ಬಣ ಘಾಟಿ ಇಳಿಸಬೇಕಾದವರು, ಮಳೆಗಾಲಕ್ಕೆ ಮೊದಲು ಮನೆಯ ಹೆಂಚು ಬಿಚ್ಚಿ ಹೊದಿಸಬೇಕಾದವರು ಅಂಗಡಿಗೆ ಬಂದು, ಏನೇನು ತಪ್ಪಾಗಬಹುದು ನೀವೇ ಒಂಚೂರು ಯೋಚನೆ ಮಾಡಿ ಹೇಳಿ ಎಂದು ಕೇಳತೊಡಗಿದರು. ಅಂಥ ದಿನಗಳಲ್ಲಿ ವ್ಯಾಪಾರ ನಿಂತೇಹೋಗುತ್ತಿತ್ತು.

ಮುಂದಿನ ರಜೆಗೆ ಶ್ರೀನಾಥ ಬಂದಾಗ ಚೀಲ ಎರಡಿದ್ದವು. ಇನ್ನೊಂದು ಪಟ ಚಿಕ್ಕದು, ಸುಮನಾಳಿಗೆಂದು. ಬಸಮ್ಮನವರು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗಳು ಅಪ್ಪನ ಬಾಯಿಂದ ಏನು ಬರುತ್ತದೋ ಎಂದು ಕಾದು ನಿಂತಳು. ಶಾಂತಮಲ್ಲಪ್ಪನವರು ಚಿಕ್ಕ ಪಟದ ಹೊಲಿಗೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಹಿನ್ನೀರಿನ ಮೀನುಗಾರ ದೇವೀರಪ್ಪನ ತೆಪ್ಪ ದಿನದ ಮಟ್ಟಿಗೆ ಸಿಕ್ಕೀತೇ ಎಂದು ಕೇಳಿದರು.

ಆ ವರ್ಷ ಆಲೂರಿನ ಕಡೆ ಹೋದವರು ಈ ನೋಟ ಕಂಡಿದ್ದಾರೆ. ಹಿನ್ನೀರಿನಲ್ಲಿ ಒಬ್ಬ ಹೆಂಗಸು ಪಟ ಹಿಡಿದು ಬೀಳುತ್ತ ಏಳುತ್ತ ಹೋಗುತ್ತಿರುವಳು. ಸ್ವಲ್ಪ ದೂರದಲ್ಲಿ ಒಂದು ದುಂಡು ತೆಪ್ಪ. ಅದರೊಳಗೆ ಜುಬ್ಬದ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಹಿರಿಯರೊಬ್ಬರು ಬಲವಾಗಿ ಹುಟ್ಟು ಹಾಕುವರು. ತೆಪ್ಪ ಮುಂದೆ ಹೋಗದೆ ನಿಂತಲ್ಲೇ ಗಿರಗಿರನೆ ತಿರುಗುವುದು. ಅವರು ಮಾತ್ರ ಪ್ರತಿ ಸುತ್ತಿನಲ್ಲೂ ಮಗಳ ಕಡೆ ಮುಖ ಬಂದಾಗೊಮ್ಮೆ, “ಪಟ ಬಿಡ್ಬೇಡ ಕಣಮ್ಮ, ನಾನು ಬಂದೆ,” ಎಂದು ಕೂಗಿ ಹೇಳುವರು.